ಮೆಣಸು ಕಳೆದುಕೊಂಡ ಹೆಸರು

ಮೈಸೂರಿನ ಕಡೆಯ ಮನೆಯೊಂದಕ್ಕೆ ಮಂಗಳೂರಿನ ಕಡೆಯಿಂದ ಸೊಸೆ ಬಂದಿದ್ದಾಳೆ ಎಂದುಕೊಳ್ಳಿ. ಹುಗ್ಗಿಯ ಒಗ್ಗರಣೆಗೆ ನಿಂತ ಅತ್ತೆ, "ಒಂದಿಷ್ಟು ಮೆಣಸು ಕೊಡಮ್ಮ" ಎನ್ನುತ್ತಾರೆ. ಸೊಸೆ ಡಬ್ಬದಿಂದ ನಾಲ್ಕು ಕೆಂಪು ಕಾಯಿಗಳನ್ನು ತೆಗೆದು ಮುಂದೆ ಹಿಡಿಯುತ್ತಾಳೆ. ಅತ್ತೆ ಕೇಳಿದ್ದು ಕರಿಯ ಕಾಳನ್ನು. ಇಬ್ಬರದೂ ಕನ್ನಡವೇ, ಇಬ್ಬರ ಮಾತೂ ಸರಿಯೇ. ತಪ್ಪೇನಾದರೂ ಇದ್ದರೆ ಅದು ಐನೂರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದ ಒಬ್ಬ ಅತಿಥಿಯದು.

ಮೆಣಸು ಎಂದರೆ ಮೊದಲು ಕರಿಯ ಕಾಳೊಂದೇ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ದಲ್ಲಿ ಅರಮನೆಯ ಅಡಿಗೆಯನ್ನು ವರ್ಣಿಸಿದ್ದಾನೆ. 1508ರ ಸುಮಾರಿಗೆ ಮೂರನೆಯ ಮಂಗರಸನು ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನೇ ಬರೆದಿದ್ದಾನೆ. ಎರಡರಲ್ಲಿಯೂ ಮೆಣಸಿನಕಾಯಿಯ ಸುಳಿವಿಲ್ಲ. ಖಾರಕ್ಕೆ ಮೆಣಸು, ಹಿಪ್ಪಲಿ, ಶುಂಠಿಗಳೇ ಗತಿ.

ಆ ಕಾಳಿನ ದೊಡ್ಡಸ್ತಿಕೆಯೂ ಸಾಮಾನ್ಯವಾದುದಲ್ಲ. 408ರಲ್ಲಿ ರೋಮ್ ನಗರಕ್ಕೆ ಮುತ್ತಿಗೆ ಹಾಕಿದ ಅಲಾರಿಕ್, ಬೆಳ್ಳಿ ಬಂಗಾರಗಳ ಜೊತೆಗೆ ಮೂರು ಸಾವಿರ ಪೌಂಡು ಮೆಣಸನ್ನೂ ಕಪ್ಪವಾಗಿ ಕೇಳಿದ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು.

ಈ ಕಾಳಿನ ನಾಡನ್ನು ಅರಸುತ್ತ ಪಶ್ಚಿಮಕ್ಕೆ ಹೊರಟ ಕೊಲಂಬಸ್ 1492ರಲ್ಲಿ ಮುಟ್ಟಿದ್ದು ಬೇರೆ ನೆಲವನ್ನು. ಅಲ್ಲಿ ಮೆಣಸಿನ ಬಳ್ಳಿ ಇರಲಿಲ್ಲ. ಬಾಯಿ ಸುಡುವ ಕಾಯಿಯೊಂದಿತ್ತು. ಸ್ಪೇನಿನವರು ಮೆಣಸಿಗೆ ತಮ್ಮಲ್ಲಿದ್ದ 'ಪಿಮಿಯೆಂತಾ' ಎಂಬ ಹೆಸರನ್ನೇ ತುಸು ತಿದ್ದಿ ಅದಕ್ಕೆ 'ಪಿಮಿಯೆಂತೊ' ಎಂದರು. ಇತ್ತ ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದು, 1510ರಲ್ಲಿ ಗೋವೆಯನ್ನು ಹಿಡಿದರು. ಅವರ ಹಡಗುಗಳೊಡನೆ ಆ ಅಮೆರಿಕದ ಕಾಯಿ ನಮ್ಮ ಕರಾವಳಿಗೆ ಇಳಿಯಿತು. ಮೆಣಸನ್ನು ಒಯ್ಯಲು ಬಂದವರು ಮೆಣಸಿನಕಾಯಿಯನ್ನು ಬಿಟ್ಟುಹೋದರು!

ಹೊಸಬನಿಗೆ ಹೆಸರು ಬೇಕಲ್ಲ? ಸಸ್ಯಶಾಸ್ತ್ರಜ್ಞರನ್ನು ಕೇಳಿದರೆ ಮೆಣಸಿನ ಬಳ್ಳಿ ವೀಳ್ಯದೆಲೆಯ ಬಂಧು, ಮೆಣಸಿನ ಗಿಡ ಬದನೆಯ ಬಂಧು. ಎರಡಕ್ಕೂ ನಂಟಿಲ್ಲ ಎಂದಾರು. ನಮ್ಮ ಜನ ನಾಲಗೆಯನ್ನು ಕೇಳಿದರು. ಮೆಣಸಿನಂತೆ ಖಾರವಾದ ಕಾಯಿ, ಮೆಣಸಿನಕಾಯಿ. ತಮಿಳಿನಲ್ಲಿ ಮಿಳಗಿನಿಂದ ಮಿಳಗಾಯ್ ಆದದ್ದೂ, ಸಂಸ್ಕೃತದ ಮರಿಚ ಮರಾಠಿಯಲ್ಲಿ ಮಿರಚಿಯಾದದ್ದೂ ಹೀಗೆಯೇ.

ಕಾಲ ಕಳೆದಂತೆ ಅತಿಥಿಯೇ ಯಜಮಾನನಾದ. ಕರಾವಳಿಯಲ್ಲಿ ಮೆಣಸೆಂದರೆ ಈಗ ಕಾಯಿಯೇ. ಹಳೆಯ ಯಜಮಾನನು ತನ್ನ ಹೆಸರಿನ ಹಿಂದೆ ಗುರುತಿನ ಚೀಟಿ ಅಂಟಿಸಿಕೊಳ್ಳಬೇಕಾಯಿತು: ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು. ತುಳುವಿನಲ್ಲಿ ಮುಂಚಿ ಎಂದರೆ ಮೆಣಸಿನಕಾಯಿ, ಎಡ್ಡೆಮುಂಚಿ ಎಂದರೆ ಕಾಳುಮೆಣಸು. ಆ 'ಒಳ್ಳೆ', 'ಎಡ್ಡೆ'ಗಳಲ್ಲಿ ಹಳಬನ ಮೇಲಿನ ಮಮತೆ ಇನ್ನೂ ಉಳಿದಂತಿದೆ.

ಹಾಗೆಂದು ಕಾಳುಮೆಣಸಿಗಾಗಿ ತೀರ ಮರುಗಬೇಕಾಗಿಲ್ಲ. ಪರದೇಶದಲ್ಲಿ ಅದೂ ಇನ್ನೊಬ್ಬರ ಹೆಸರಿನಲ್ಲಿ ಬಾಳಿದ್ದೇ. ಹಿಪ್ಪಲಿಗೆ ಸಂಸ್ಕೃತದಲ್ಲಿ ಪಿಪ್ಪಲೀ ಎಂದು ಹೆಸರು. ಆ ಮಾತು ಗ್ರೀಕಿನಲ್ಲಿ ಪೆಪೆರಿ, ಲ್ಯಾಟಿನ್ನಿನಲ್ಲಿ ಪೈಪರ್, ಇಂಗ್ಲಿಷಿನಲ್ಲಿ ಪೆಪ್ಪರ್ ಆಗಿ, ಕಡೆಗೆ ಕರಿಯ ಕಾಳಿನ ಪಾಲಾಯಿತು. ಹಿಪ್ಪಲಿ ಕಷಾಯದ ಸಾಮಗ್ರಿಯಾಗಿ ಮೂಲೆ ಸೇರಿತು.

ಕಾಯಿ ಗೆದ್ದದ್ದು ರುಚಿಯಿಂದ ಮಾತ್ರವಲ್ಲ. ಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ನೆರಳು ಬೇಕು, ಹಬ್ಬಲು ಮರ ಬೇಕು. ಫಲಕ್ಕಾಗಿ ಮೂರು ನಾಲ್ಕು ವರ್ಷ ಕಾಯಬೇಕು. ಮೆಣಸಿನ ಗಿಡ ಬಯಲುಸೀಮೆಯ ಹಿತ್ತಿಲಲ್ಲಿಯೂ ಕೆಲವೇ ತಿಂಗಳಲ್ಲಿ ಕಾಯಿ ಬಿಡುತ್ತದೆ. ಹಡಗು ಹತ್ತುತ್ತಿದ್ದ ಕಾಳು ಬಡವನಿಗೆ ದುಬಾರಿ; ಕಾಯಿ ಅವನ ರೊಟ್ಟಿಯ ಮಗ್ಗುಲಿಗೆ ಖಾರವಾಗಿ ಬಂದು ಕುಳಿತಿತು. ಹಾವೇರಿ ಜಿಲ್ಲೆಯ ಬ್ಯಾಡಗಿ ಇಂದು ಈ ಕಾಯಿಯಿಂದಲೇ ಹೆಸರುವಾಸಿ. ಜನರು ಹೆಸರನ್ನು ಹೊಸಬನಿಗೆ ಸುಮ್ಮನೆ ಬಿಟ್ಟುಕೊಡಲಿಲ್ಲ, ಅವನು ಉಣ್ಣಿಸಿದ್ದಕ್ಕೆ ಕೊಟ್ಟರು.

ಆದರೂ ಮನೆಯಲ್ಲಿ ಎರಡು ಹೊತ್ತು ಹಳಬನದೇ ಅಧಿಕಾರ. ಒಂದು, ಶ್ರಾದ್ಧದ ದಿನ. ಅನೇಕ ಮನೆಗಳಲ್ಲಿ ಅಂದು ಮೆಣಸಿನಕಾಯಿಗೂ, ಅದರ ದೇಶದಿಂದಲೇ ಬಂದ ಆಲೂಗಡ್ಡೆ ಟೊಮೆಟೊಗಳಿಗೂ ಒಲೆಯ ಬಳಿ ಪ್ರವೇಶವಿಲ್ಲ. ಪಿತೃಗಳಿಗೆ ಗೊತ್ತಿದ್ದ ಖಾರ ಕಾಳುಮೆಣಸಿನದಷ್ಟೆ! ಇನ್ನೊಂದು, ನೆಗಡಿ ಜ್ವರದಿಂದ ಮಲಗಿದಾಗ. ಆಗ ತಾಯಿ "ಮೆಣಸಿನ ಸಾರು ಮಾಡುತ್ತೇನೆ" ಎಂದರೆ, ಆ ಮೈಸೂರಿನ ಮನೆಯಲ್ಲಿ ಅದು ಯಾವ ಮೆಣಸೆಂದು ಯಾರೂ ಕೇಳುವುದಿಲ್ಲ.