ನಮ್ಮ ಪಾಳಿಗೆ ಕಾಯೋ ಆಟ

ಹೋದ ಶುಕ್ರವಾರ ಅರಿಶಿಣ ಕುಂಕುಮಕ್ಕ ಬಂದಿದ್ದ ಬಾಜೂಮನಿ ವೈನಿ ನನ್ನ ಫೋನಿನ್ಯಾಗ ಇಣುಕಿ ನೋಡಿ, "ಏನ್ರೀ ಇದು, ನೀಲಿ ಬಣ್ಣದ ಮೋದಕ ನಗಲಿಕ್ಕೆ ಹತ್ತೇದ!" ಅಂದ್ರು. "ಅದು ಮೋದಕ ಅಲ್ಲ ವೈನಿ, ರಾಕ್ಷಸ" ಅಂದೆ. ಅವರು ಹುಬ್ಬು ಏರಿಸಿ, "ಈ ವಯಸ್ಸಿನ್ಯಾಗ ಹುಡುಗುರ ಆಟ ಹಿಡಿದೀರಲಾ, ಭಾಳ ಆತು ನಿಮ್ಮದು" ಅಂತ ನಕ್ಕೋತ ಹೋದ್ರು. ನಾನೂ ನಕ್ಕೆ. ಆದ್ರ ಅವರಿಗೆ ಸರಿಯಾದ ಉತ್ತರ ಕೊಡಬೇಕು ಅಂತ ಮನಸ್ಸಿನ್ಯಾಗ ಉಳೀತು. ಅದಕ್ಕ ಈ ಸಲ ಉಪ್ಪಿನಕಾಯಿ, ಹಪ್ಪಳ ಬದೀಗಿಟ್ಟು ಆ ನಗೋ ಮೋದಕದ ಇತಿಹಾಸ ಬರೀಲಿಕ್ಕೆ ಕೂತೇನಿ. ಓದಿ ಆಮ್ಯಾಲೆ ಬೈರಿ.

ಆಟದ ಹೆಸರು ಡ್ರ್ಯಾಗನ್ ಕ್ವೆಸ್ಟ್. ಜಪಾನಿನವರದು. ಅದರಾಗ ನಾನು ಆಡೋದು ಐದನೇ ಭಾಗ. ಮಗಳು ನನ್ನ ಫೋನಿಗೆ ಹಾಕಿ ಕೊಟ್ಟಾಳ, ಮಾತೆಲ್ಲಾ ಇಂಗ್ಲಿಷ್‌ನ್ಯಾಗ ಅದ.

ಮೊದಲ ಒಂದು ಮಾತು ಹೇಳ್ತೀನಿ. ಫೋನಿನ ಆಟ ಅಂದಕೂಡಲೇ ನಮಗೆಲ್ಲಾ ನೆನಪಾಗೋದು ಢಂ ಢಂ ಗುಂಡು ಹಾರಸೋದು, ಮೋಟಾರು ಓಡಸೋದು. ಕಣ್ಣು ಮಿಟುಕಿಸಿದ್ರ ಸೋಲು. ಇದು ಹಾಂಗಲ್ಲ. ಇದು ಪಗಡಿ, ಚೌಕಾಬಾರಾ ಇದ್ದಂಗ, ಪಾಳಿ ಪ್ರಕಾರ ಆಡೋ ಆಟ. ರಾಕ್ಷಸ ಎದುರು ಬಂತಂದ್ರ ಒಂದು ಪಟ್ಟಿ ಕಾಣಸ್ತದ: ಹೊಡೀಬೇಕೋ, ಮಂತ್ರ ಹಾಕಬೇಕೋ, ಔಷಧ ಕೊಡಬೇಕೋ, ಪೆಟ್ಟು ತಡಕೊಂಡು ನಿಲ್ಲಬೇಕೋ. ನಾವು ಹೇಳೋತನಕ ರಾಕ್ಷಸನೂ ಸುಮ್ಮನ ನಿಂತಿರ್ತದ. ಒಲಿ ಮ್ಯಾಲಿನ ಹಾಲು ಇಳಿಸಿ ಬಂದ್ರೂ ಅಲ್ಲೇ ನಿಂತಿರ್ತದ. ಇಂಥಾ ಸೌಜನ್ಯದ ರಾಕ್ಷಸರನ್ನ ನಾನು ಪುರಾಣದಾಗೂ ಕೇಳಿಲ್ಲ.

ಇದರ ಬೇರು ಜಪಾನಿನ್ಯಾಗಿಲ್ಲ, ಅಮೆರಿಕಾದಾಗದ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನೋ ಇಬ್ಬರು 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಅನ್ನೋ ಆಟ ಹೊರಗ ತಂದ್ರು. ಯಂತ್ರ ಗಿಂತ್ರ ಏನಿಲ್ಲ. ಮೇಜಿನ ಸುತ್ತ ನಾಲ್ಕೈದು ಮಂದಿ ಕೂತು, ಒಬ್ಬಾಂವ ಕಥಿ ಹೇಳೋದು, ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ ಆಗೋದು. "ಗವಿಯೊಳಗ ಬಂದ್ರಿ, ಎದುರಿಗೆ ರಾಕ್ಷಸ ಅದ, ಈಗ ಏನ ಮಾಡ್ತೀರಿ?" ಅಂತ ಅವ ಕೇಳಿದ್ರ ಇವರು ಉತ್ತರ ಹೇಳಿ ದಾಳ ಉರುಳಸೋದು. ದಾಳ ಅಂದ್ರ ನಮ್ಮ ಪಗಡಿದಲ್ಲ, ಇಪ್ಪತ್ತು ಮುಖದ್ದೂ ಇರ್ತದ. ಕಂಪ್ಯೂಟರ್ ಬಂದ ಮ್ಯಾಲ ಕಥಿ ಹೇಳೋ ಮನುಷ್ಯಾನ ಕೆಲಸ ಅದಕ್ಕ ಹಚ್ಚಿದ್ರು. 1981ರಲ್ಲಿ 'ವಿಜರ್ಡ್ರಿ', 'ಅಲ್ಟಿಮಾ' ಅಂತ ಎರಡು ಆಟ ಬಂದ್ವು. ಎರಡೂ ಭಾಳ ಹೆಸರು ಮಾಡಿದ್ವು, ಆದ್ರ ಕಲಿಯೋದು ಕಠಿಣ. ನಕಾಶೆ ಕಾಗದದ ಮ್ಯಾಲ ನಾವ ಬರಕೋಬೇಕಿತ್ತು.

ಈಗ ಜಪಾನಿಗೆ ಬರೋಣ. ಎನಿಕ್ಸ್ ಅನ್ನೋ ಕಂಪನಿ ಕಂಪ್ಯೂಟರ್ ಆಟ ಬರೆಯೋ ಒಂದು ಸ್ಪರ್ಧೆ ಇಟ್ಟಿತು. ಯೂಜಿ ಹೊರೀ ಅನ್ನೋ ತರುಣ ಅದಕ್ಕೊಂದು ಟೆನಿಸ್ ಆಟ ಬರೆದು ಕಳಿಸಿದ. ಅವಾಜಿ ದ್ವೀಪದಾಂವ, ಚಿತ್ರಕಥಿ ಬರೀಬೇಕು ಅನ್ನೋ ಆಸೆ ಇದ್ದಾಂವ, ಪತ್ರಿಕೆಗಳಿಗೆ ಬರಕೊಂಡಿದ್ದ. ಬಹುಮಾನ ಬಂದವರನ್ನ ಕಂಪನಿಯವರು 1983ರಲ್ಲಿ ಅಮೆರಿಕಾಕ್ಕ ಕರಕೊಂಡು ಹೋದ್ರು. ಅಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪ್ರದರ್ಶನದಾಗ ಅಂವ 'ವಿಜರ್ಡ್ರಿ' ನೋಡಿದ, ಹುಚ್ಚು ಹಿಡೀತು.

ಆದ್ರ ಇದನ್ನ ಊರಿಗೆ ಹೊತ್ತು ತಂದ್ರ ಆಡೋರು ಯಾರು? ಜಪಾನಿನ ಮನಿಮನಿಯೊಳಗ ಆವಾಗ ಕಂಪ್ಯೂಟರ್ ಇರಲಿಲ್ಲ. ಟಿವಿಗೆ ಜೋಡಿಸೋ ನಿಂಟೆಂಡೊ ಕಂಪನಿ ಡಬ್ಬಿ ಇತ್ತು, ಫ್ಯಾಮಿಕಾಮ್ ಅಂತಾರ ಅದಕ್ಕ. ಕೈಯಾಗಿನ ಹಿಡಿಕಿಗೆ ಒಂದು ದಿಕ್ಕಿನ ಗುಂಡಿ, ಒತ್ತಲಿಕ್ಕೆ ಎರಡು ಬಟನ್. ಜಿಗಿಯೋ ಆಟಕ್ಕ ಅಷ್ಟು ಸಾಕು, ಕಥಿಗೆ ಹ್ಯಾಂಗ ಸಾಲಬೇಕು? ಹೊರೀ ಒಂದು ಪಟ್ಟಿ ಮಾಡಿ 'ಮಾತಾಡು', 'ಹುಡುಕು', 'ಬಾಗಿಲಾ ತಗಿ' ಅಂತ ಅದರಾಗ ಇಟ್ಟ. ಬೆರಳಿನ ಚುರುಕಿಲ್ಲದವರೂ ತಾಳ್ಮೆಯಿಂದ ಆಡಿ, ನಿಧಾನಕ್ಕ ಬಲ ಗಳಿಸಿ, ಕಥಿಯ ಕಡಿತನಕ ಮುಟ್ಟಬೇಕು ಅನ್ನೋದು ಅಂವನ ಹಟ. ನನ್ನಂಥಾವರ ಸಲುವಾಗೇ ಮಾಡ್ಯಾನ ಅನಿಸ್ತದ.

ಮೊದಲನೇ ಡ್ರ್ಯಾಗನ್ ಕ್ವೆಸ್ಟ್ ಬಂದದ್ದು 1986ರ ಮೇ 27ಕ್ಕ. ಅದರ ಸುರುವಾತ ಎಷ್ಟು ಶಾಣ್ಯಾತನದ್ದು ನೋಡ್ರಿ. ಆಟ ಸುರು ಆಗೋದು ರಾಜನ ಕೋಣ್ಯಾಗ, ಬಾಗಿಲಿಗೆ ಕೀಲಿ. ಹೊರಗ ಹೋಗಬೇಕಂದ್ರ ಮಂದಿ ಜೋಡಿ ಮಾತಾಡಬೇಕು, ಪೆಟಿಗಿ ತಗದು ಕೀಲಿಕೈ ತಗೋಬೇಕು, ಬಾಗಿಲಾ ತಗೀಬೇಕು, ಮೆಟ್ಟಲಾ ಇಳೀಬೇಕು. ಅಷ್ಟು ಮಾಡೋದರಾಗ ಆಟದ ಬೇಕಾದ ವಿದ್ಯೆ ಕಲ್ತ ಬಿಟ್ಟಿರ್ತೀವಿ. ನಮ್ಮ ಅಜ್ಜಿ ಹಿಂಗ ಅಡಗಿ ಕಲಿಸ್ತಿದ್ಲು. "ಬಾ ಕಲಸ್ತೀನಿ" ಅಂತ ಎಂದೂ ಅಂದಾಕಿ ಅಲ್ಲ, "ಆ ಸಾಸಿವಿ ಡಬ್ಬಿ ಕೊಡು" ಅನ್ನಾಕಿ.

ಇಡೀ ಆಟ ಹಿಡಿಸಿದ್ದು 64 ಕಿಲೋಬೈಟಿನ್ಯಾಗ. ನಾವು ಕಳಸೋ ಒಂದು ಗುಡ್ ಮಾರ್ನಿಂಗ್ ಫೋಟೋಕ್ಕ ಅದಕ್ಕಿಂತ ಹೆಚ್ಚು ಜಾಗಾ ಬೇಕು! ಜಪಾನಿಯವರ ಲಿಪಿಯೊಳಗ ಕತಕಾನ ಅಂತ ಒಂದು ಅಕ್ಷರಮಾಲೆ ಅದ. ಜಾಗಾ ಸಾಲದ್ದಕ್ಕ ಅದರಾಗಿನ ಸುಮಾರು 20 ಅಕ್ಷರ ಅಷ್ಟ ಇಟಗೊಂಡು, ಊರು ರಾಕ್ಷಸರ ಹೆಸರೆಲ್ಲಾ ಅದರಾಗೇ ಹೊಂದಿಸಿದ್ರು. ಇದ್ದ ಹಿಟ್ಟಿನ್ಯಾಗ ಮಂದಿಗೆಲ್ಲಾ ರೊಟ್ಟಿ ಮಾಡಿದಂಗ.

ನೀಲಿ ಮೋದಕ ಬರೆದಾಂವ ಅಕೀರಾ ತೋರಿಯಾಮಾ, 'ಡ್ರ್ಯಾಗನ್ ಬಾಲ್' ಬರೆದಾಂವ. ಸ್ಲೈಮ್ ಅಂದ್ರ ಲೋಳಿ. ಹೆಸರು ಕೇಳಿದ್ರ ಹೇಸಿಗಿ ಬರೋ ರಾಕ್ಷಸಗ ಅಂವ ನಗೋ ಮುಖ ಕೊಟ್ಟ. ಸಂಗೀತ ಕೋಯಿಚಿ ಸುಗಿಯಾಮಾ ಅನ್ನೋರದು. ಟಿವಿಗೆ, ಜಾಹೀರಾತಿಗೆ ಸಂಗೀತ ಮಾಡಿ ಹೆಸರಾದವರು. ಎನಿಕ್ಸ್‌ನ ಒಂದು ಆಟ ಆಡಿ ತಮ್ಮ ಅಭಿಪ್ರಾಯ ಒಂದು ಕಾರ್ಡಿನ್ಯಾಗ ಬರೆದು ಕಳಿಸಿದ್ರಂತ. ಕಾರ್ಡ್ ನೋಡಿದ ಕಂಪನಿಯವರು ಹೌಹಾರಿ ಇವರನ್ನ ಹುಡುಕಿಕೊಂಡು ಹೋದ್ರು. ಆವಾಗ ಅವರ ವಯಸ್ಸು ಐವತ್ತು ದಾಟಿತ್ತು. ವೈನಿ, ವಯಸ್ಸಿನ ಮಾತಿಗೆ ಇದೂ ಒಂದು ಉತ್ತರ. ಟೋಕಿಯೋ ಒಲಿಂಪಿಕ್ಸ್ ಸುರು ಆದ ದಿನ, 2021ರ ಜುಲೈ 23ಕ್ಕ, ಆಟಗಾರರ ಮೆರವಣಿಗಿ ಹೊಂಟಾಗ ಮೊದಲಿಗೆ ಬಾರಿಸಿದ್ದು ಇದೇ ಆಟದ ಸಂಗೀತ. ನಾವೆಲ್ಲಾ ಟಿವಿ ಮುಂದ ಕೂತು ಕೇಳೇವಿ, ಯಾವುದಂತ ಗೊತ್ತಿರಲಿಲ್ಲ ಅಷ್ಟ.

ಆವಾಗಿನ ಆಟಕ್ಕ ಒಂದು ದೊಡ್ಡ ತ್ರಾಸಿತ್ತು. ಆಡಿದ್ದನ್ನ ನೆನಪಿಟ್ಟುಕೊಳ್ಳೋ ಶಕ್ತಿ ಅದಕ್ಕಿರಲಿಲ್ಲ. ನಿಲ್ಲಿಸೋವಾಗ ರಾಜ 20 ಅಕ್ಷರದ ಒಂದು ಮಂತ್ರ ಹೇಳ್ತಿದ್ದ, ಅದಕ್ಕ ಪುನರುಜ್ಜೀವನದ ಮಂತ್ರ ಅಂತಿದ್ರು. ಅದನ್ನ ಹುಡುಗುರು ವಹಿಯೊಳಗ ಬರಕೊಂಡು ಮರುದಿನ ತಪ್ಪಿಲ್ಲದ ಒತ್ತಬೇಕು. ಒಂದಕ್ಷರ ತಪ್ಪಿದ್ರ ಇಡೀ ದುಡಿಮಿ ನೀರಾಗ ಹೋತು. ಎರಡನೇ ಭಾಗದಾಗ ಮಂತ್ರ 52 ಅಕ್ಷರದ ತನಕ ಬೆಳೀತು. ಮೂರನೇದರಾಗ ಒಳಗ ಬ್ಯಾಟರಿ ಇಟ್ಟ ಮ್ಯಾಲ ಈ ಕಾಟ ತಪ್ಪಿತು. ಆ ಮೂರನೇದು ಬಂದದ್ದು 1988ರ ಫೆಬ್ರವರಿ 10, ಬುಧವಾರ. ಹುಡುಗುರು ಸಾಲಿ ತಪ್ಪಿಸಿ ಅಂಗಡಿ ಮುಂದ ಪಾಳಿ ಹಚ್ಚಿದ್ರು, ಪೊಲೀಸರು ಹಿಡಿದು ಬುದ್ಧಿ ಹೇಳಬೇಕಾತು. ವಾರದ ನಡುವ ಈ ಆಟ ಮಾರಬಾರದು ಅಂತ ಸರಕಾರ ಕಾನೂನು ಮಾಡ್ತು ಅನ್ನೋದು ಬರೇ ಗಾಳಿಮಾತು. ಆದ್ರ ಕಂಪನಿಯವರೇ ಹುಷಾರಾದ್ರು. ನಾನು ಆಡೋ ಐದನೇ ಭಾಗ ಬಂದದ್ದು 1992ರ ಸಪ್ಟೆಂಬರ್ 27ಕ್ಕ, ಆ ದಿನ ರವಿವಾರ.

ಈಗ ಆ ಐದನೇದರ ಕಥಿ. ತಾಯಿ ಇಲ್ಲದ ಆರು ವರ್ಷದ ಒಂದು ಹುಡುಗ ಅಪ್ಪನ ಬೆರಳ ಹಿಡಿದು ಊರೂರು ತಿರಗ್ತಾನ. ಅಪ್ಪನ ಹೆಸರು ಪ್ಯಾಂಕ್ರಾಜ್. ಸುರುವಾತಿಗೆ ಹುಡುಗಗ ಪೆಟ್ಟಾದ್ರ, ಅಪ್ಪ ಲಡಾಯಿ ಮುಗಿಸಿ ತಾನಾಗೇ ಮಂತ್ರ ಹಾಕಿ ಗುಣ ಮಾಡ್ತಾನ. ನಾವು ಏನೂ ಒತ್ತಬೇಕಿಲ್ಲ. ಒಂದೂರಾಗ ಇಬ್ಬರು ಪುಂಡ ಹುಡುಗುರು ಒಂದು ಮರೀನ ಕಾಡಸ್ತಿರ್ತಾರ. ಈ ಹುಡುಗ, ಅಂವನ ಗೆಳತಿ ಬಿಯಾಂಕಾ ಕೂಡಿ ಅದನ್ನ ಬಿಡಸ್ತಾರ. ಅದು ಬೆಕ್ಕಲ್ಲ, ಹುಲಿಯಂಥಾ ಪ್ರಾಣಿ ಮರಿ. ಹತ್ತು ವರ್ಷದ ಮ್ಯಾಲ ಅದು ದೊಡ್ಡದಾಗಿ ಎದುರು ನಿಂತಾಗ ನಮ್ಮನ್ನ ಮರೆತಿರ್ತದ. ಬಿಯಾಂಕಾನ ಹಳೇ ರಿಬ್ಬನ್ ಮೂಸಿಸಿದ್ರ ಗುರುತು ಹಿಡೀತದ.

ಆ ಹತ್ತು ವರ್ಷ ಹ್ಯಾಂಗ ಹೋದ್ವು ಅಂದ್ರ, ವೈರಿ ಹುಡುಗನ ಕುತ್ತಿಗಿಗೆ ಆಯುಧ ಹಿಡಿದು, ಕೈ ಎತ್ತಿದ್ರ ಮಗನ್ನ ಕೊಲ್ತೀನಿ ಅಂತಾನ. ಎಂಥಾ ಶೂರ ಪ್ಯಾಂಕ್ರಾಜ್, ಸುಮ್ಮನ ನಿಂತು ಹೊಡಿಸಿಕೊಂಡು ಸಾಯ್ತಾನ. ಹುಡುಗ ಹತ್ತು ವರ್ಷ ಗುಲಾಮ. ಆ ಲಡಾಯಿಯೊಳಗ ಪಟ್ಟಿ ನಮ್ಮ ಕೈಯಾಗ ಬರಂಗಿಲ್ಲ. ಅಲ್ಲೀತನಕ ಪ್ರತೀ ಸಲ ಕಾದು ಕೇಳ್ತಿದ್ದ ಆಟ, ಈಗ ಕೇಳಂಗೇ ಇಲ್ಲ. ನೋಡ್ಕೋತ ಕೂಡಬೇಕು.

ಆಮ್ಯಾಲೆ ಲಗ್ನದ ಕಥಿ. ಬಾಲ್ಯದ ಗೆಳತಿ ಬಿಯಾಂಕಾನೋ, ಸಾಹುಕಾರನ ಮಗಳು ನೇರಾನೋ? ವಿಚಾರ ಮಾಡ್ಲಿಕ್ಕೆ ಒಂದು ರಾತ್ರಿ ಅಷ್ಟ. ಜಪಾನಿನ್ಯಾಗ ಈ ಜಗಳ ಮೂವತ್ತು ವರ್ಷದ ಮ್ಯಾಲೂ ಮುಗಿದಿಲ್ಲ. ನಮ್ಮ ಮನ್ಯಾಗೂ ಮುಗಿದಿಲ್ಲ. ನಾನು ಬಿಯಾಂಕಾ, ಮಗಳು ನೇರಾ. ಅವಳಿ ಮಕ್ಕಳು ಹುಟ್ಟತಾವ. ಮತ್ತ ವೈರಿ ಬಂದು ಗಂಡ ಹೆಂಡ್ತಿ ಇಬ್ಬರನ್ನೂ ಕಲ್ಲು ಮಾಡ್ತಾನ.

ಆ ಕಲ್ಲಿನ ಮೂರ್ತೀನ ಲಿಲಾವಿನ್ಯಾಗ ಒಬ್ಬಾಂವ ಕೊಂಡು ಮನಿ ಅಂಗಳದಾಗ ನಿಲ್ಲಸ್ತಾನ. ಋತು ಮ್ಯಾಲ ಋತು ಬದಲಾಗ್ತದ. ಅವರ ಕೂಸು ನಡೀಲಿಕ್ಕೆ ಕಲೀತದ, ಮೂರ್ತಿ ಸುತ್ತ ಆಡ್ತದ. ಒಂದು ದಿನ ರಾಕ್ಷಸರು ಆ ಕೂಸನ್ನ ಎತಗೊಂಡು ಹೋಗ್ತಾರ, ಮನಿ ಯಜಮಾನ ಸಿಟ್ಟಿಲೆ ಮೂರ್ತೀನ ಒದೀತಾನ. ನಾವು ಒಳಗಿಂದ ಎಲ್ಲಾ ನೋಡ್ಕೋತ ನಿಂತಿರ್ತೀವಿ. ಎಂಟು ವರ್ಷ. ಯಾವ ಬಟನ್ ಒತ್ತಿದ್ರೂ ಏನೂ ಆಗಂಗಿಲ್ಲ. ನಮ್ಮ ಪಾಳಿ ಬರಂಗೇ ಇಲ್ಲ.

ಅಲ್ಲಿ ನನಗ ಫೋನ್ ಕೆಳಗಿಡಬೇಕಾತು.

ನಿಮಗೆಲ್ಲಾ ಗೊತ್ತದ, ಅತ್ಯಾರು ಐದು ವರ್ಷ ಹಾಸಿಗಿ ಮ್ಯಾಲಿದ್ರು. ಮಗ್ಗಲ ಹೊರಳಸೋದು, ಔಷಧ, ರಾತ್ರಿ ಎರಡು ತಾಸಿಗೊಮ್ಮೆ ಏಳೋದು. ಕಡೀ ವರ್ಷ ಮಗಳು ಈ ಆಟ ಹಾಕಿಕೊಟ್ಟದ್ದು, ಅವ್ವ ಎಚ್ಚರ ಇರಬೇಕಾಗ್ತದಲಾ ಅಂತ. ಅತ್ಯಾರು ಕರೆದ್ರ ಎದ್ದು ಹೋಗ್ತಿದ್ದೆ, ತಿರುಗಿ ಬಂದ್ರ ಆಟ ಅಲ್ಲೇ ಕಾಯ್ಕೋತ ಇರ್ತಿತ್ತು. ಆದ್ರ ಆ ಐದು ವರ್ಷದಾಗ ಮಗಳು ಐದನೇತ್ತದಿಂದ ಹತ್ತನೇತ್ತಕ್ಕ ಬಂದಿದ್ಲು. ಅದು ಕಾಯೋ ಪೈಕಿ ಅಲ್ಲಲಾ. ಸೇವಾ ಮಾಡಿದ್ದಕ್ಕ ನನಗ ಬ್ಯಾಸರ ಇಲ್ಲ. ಮಗಳು ಹ್ಯಾಂಗ ಬೆಳದ್ಲು ಅನ್ನೋದು ನೆನಪಿಲ್ಲಲಾ ಅಂತ ಸಂಕಟ.

ಆಟದಾಗ ಮೂರ್ತೀನ ಹುಡಕೊಂಡು ಬರಾವರು ಯಾರು ಗೊತ್ತೇನು? ಅವಳಿ ಮಕ್ಕಳು, ಎಂಟು ವರ್ಷದ ಗಂಡೊಂದು ಹೆಣ್ಣೊಂದು. ಅವರನ್ನ ಬೆಳಿಸಿದಾಂವ ಸ್ಯಾಂಚೊ, ಮನಿಯ ಹಳೇ ಸೇವಕ. ಮಕ್ಕಳು ಮಂತ್ರದ ಕೋಲು ತಂದು ಅಪ್ಪನ್ನ ಎಬ್ಬಸ್ತಾರ. ಅಲ್ಲಿಂದ ಮುಂದ ಲಡಾಯಿಯೊಳಗ ಅವರ ಹೆಸರೂ ಪಟ್ಟಿಯೊಳಗ ಬರ್ತದ. ಅಪ್ಪನ ಕೈಗೆ ಒಗ್ಗದ ಪುರಾತನ ಖಡ್ಗ ಮಗನ ಕೈಗೆ ಒಗ್ಗತದ. ಅಷ್ಟು ಹೊತ್ತು ನಾವ ಕಥಾನಾಯಕ ಅಂತ ತಿಳಕೊಂಡಿದ್ದು ತಪ್ಪು, ವೀರ ಆ ಹುಡುಗ.

ಆ ರಾತ್ರಿ ನಾನು ಮಗಳಿಗೆ ಕೇಳಿದೆ, "ಆ ವರ್ಷಗಳು ಹ್ಯಾಂಗಿದ್ವು ನಿನಗ? ಹೇಳು." ಮೊದಲ "ಏನಿಲ್ಲ ಬಿಡವ್ವಾ" ಅಂದ್ಲು. ಆಮ್ಯಾಲೆ ಹೇಳ್ಲಿಕ್ಕೆ ಹತ್ತಿದಾಕಿ ಎರಡು ತಾಸು ಬಿಡಲಿಲ್ಲ. ಸಾಲಿ ನಾಟಕದಾಗ ಮಾತು ಮರೆತದ್ದು, ಗೆಳತಿ ಮಾತು ಬಿಟ್ಟದ್ದು. ಮತ್ತ ನಾನು ಅತ್ಯಾರ ಜೋಡಿ ದವಾಖಾನಿಯೊಳಗ ಇದ್ದಾಗ ತಾನು ದೊಡ್ಡಾಕಿ ಆದದ್ದು, ಏನೋ ಜಡ್ಡು ಬಂತಂತ ಹೆದರಿ ಬಾಗಿಲಾ ಹಾಕ್ಕೊಂಡು ಅತ್ತದ್ದು, ಬಾಜೂಮನಿ ವೈನಿ ಬಂದು ಬಾಗಿಲಾ ತಗಿಸಿ, ಬಿಸಿ ಹಾಲು ಕೊಟ್ಟು, ಎಲ್ಲಾ ತಿಳಿಸಿ ಹೇಳಿದ್ದು. ವೈನಿ ಬಂದಿದ್ರು ಅನ್ನೋದು ನನಗ ಗೊತ್ತಿತ್ತು. ಆಕಿ ಅಷ್ಟು ಹೆದರಿದ್ಲು ಅನ್ನೋದು ಗೊತ್ತಿರಲಿಲ್ಲ.

ಸುಗಿಯಾಮಾ 2021ರಲ್ಲಿ ಹೋದ್ರು, ತೋರಿಯಾಮಾ 2024ರಲ್ಲಿ. ಮೊದಲಿನ ಮೂವರೊಳಗ ಹೊರೀ ಒಬ್ಬಾಂವ ಉಳದಾನ. ಹಳೇ ಆಟಗಳನ್ನ ಹೊಸದಾಗಿ ಮಾಡಿ ಇನ್ನೂ ತರಲಿಕ್ಕೆ ಹತ್ಯಾರ, ಇನ್ನೂ ಪಾಳಿ ಪ್ರಕಾರನ.

ವೈನಿ, ನನ್ನ ಉತ್ತರ ಇಷ್ಟ. ಇದು ಹುಡುಗುರ ಆಟ ಖರೆ, ಆದ್ರ ತಾಯಂದಿರಿಗೂ ಬಿಟ್ಟದ್ದಲ್ಲ. ಮತ್ತ ನಮ್ಮ ಮನಿ ಸ್ಯಾಂಚೊ ನೀವ. ಸ್ಯಾಂಚೊ ನಿಮಗಿಂತ ಒಂಚೂರು ದಪ್ಪ ಇದ್ದಾನ, ಸಿಟ್ಟಾಗಬ್ಯಾಡ್ರಿ. ಮುಂದಿನ ಶುಕ್ರವಾರ ಬರ್ರಿ, ಹೊಸಾದಾಗಿ ಸುರು ಮಾಡೇನಿ, ಲಗ್ನದ ರಾತ್ರಿಗೆ ಬಂದು ನಿಂತದ. ಈ ಸಲ ಹೆಣ್ಣು ನೀವ ಆರಿಸ್ರಿ. ನೀವು ಬರೋತನಕ ಅದು ಕಾಯ್ತದ.