ದನಿಯೂ ಅಮಾನತ್ತೇ: ಮಾಕವಳ್ಳಿಯ ಎರಡು ಪೆಟ್ಟಿಗೆ ಪ್ಲೇಟುಗಳು

ಮಾಕವಳ್ಳಿಯ ನಮ್ಮ ಚಾಚಾ ಕಳೆದ ಶಾಬಾನ್ ತಿಂಗಳಲ್ಲಿ ತೀರಿಕೊಂಡರು. ಅಲ್ಲಾಹು ಅವರಿಗೆ ಮಗ್ಫಿರತ್ ನೀಡಲಿ. ಕೆ.ಆರ್. ಪೇಟೆಯಲ್ಲಿ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಒಂದು ಮನೆ, ಸ್ವಲ್ಪ ಕಬ್ಬಿನ ಗದ್ದೆ. ಶರೀಅತ್ ಪ್ರಕಾರ ಹಂಚಿಕೆ ಒಂದೇ ದಿನದಲ್ಲಿ ಮುಗಿಯಿತು. ಉಳಿದದ್ದು ಮಂಚದ ಕೆಳಗಿದ್ದ ಎರಡು ತಗಡಿನ ಪೆಟ್ಟಿಗೆ. ಅದರೊಳಗೆ 112 ಗ್ರಾಮಫೋನ್ ಪ್ಲೇಟುಗಳು.

ಹಿರಿಯ ಮಗ ಹೇಳಿದ, "ಬೆಂಗಳೂರಿನಲ್ಲಿ ಇವಕ್ಕೆ ಈಗ ಒಳ್ಳೆ ಬೆಲೆ ಇದೆ, ಮಾರಿಬಿಡೋಣ." ಕಿರಿಯವನು ನಮಾಜ್ ರೋಜಾಗಳಲ್ಲಿ ಗಟ್ಟಿ. ಅವನಿಗೆ ಅದು ಒಪ್ಪಿಗೆಯಾಗಲಿಲ್ಲ. "ಭಾಯಿಜಾನ್, ಹಾಡಿನ ದುಡ್ಡು ನಮಗೆ ಬೇಡ. ಅಬ್ಬಾ ಅವರ ಲೆಕ್ಕಕ್ಕೆ ಇದೆಲ್ಲ ಸೇರೋದೂ ಬೇಡ. ಒಡೆದು ಹಾಕೋಣ" ಎಂದ. ಮೂಲೆಯಲ್ಲಿ ಇದ್ದತ್ ಕೂತಿದ್ದ ಚಾಚಿ ಆಗ ಒಂದೇ ಮಾತು ಹೇಳಿದರು: "ಏನಿದೆ ಅಂತ ಗೊತ್ತಿಲ್ಲದೆ ಮಾರೋದೂ ಬೇಡ, ಒಡೆಯೋದೂ ಬೇಡ. ಮೊದಲು ನೋಡಿ."

ನಾನು ಶಾಲೆಯಲ್ಲಿ ಚರಿತ್ರೆ ಹೇಳಿಕೊಟ್ಟವನು. ಆದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಭಾನುವಾರ, ಜುಹರ್‌ನಿಂದ ಅಸರ್‌ವರೆಗೆ, ಚಾಚಾ ಕೊನೆಯವರೆಗೂ ಕೆಲಸ ಮಾಡುವಂತೆ ಇಟ್ಟಿದ್ದ ಪ್ಲೇಯರಿನಲ್ಲಿ ಒಂದೊಂದೇ ಪ್ಲೇಟನ್ನು ಹಾಕಿ ಕೇಳಿದೆ. ಹಾಗೆ ಕೇಳುತ್ತ ತಿಳಿದ ಚರಿತ್ರೆಯನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ಯಂತ್ರದಿಂದ ದನಿ ಹೊರಡಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಹಝ್ರತ್ ಟಿಪ್ಪು ಸುಲ್ತಾನರ ಮರದ ಹುಲಿಯನ್ನು ಎಲ್ಲರೂ ಬಲ್ಲರು. ಹಿಡಿಕೆ ತಿರುಗಿಸಿದರೆ ಹುಲಿ ಗರ್ಜಿಸುತ್ತದೆ, ಅದರ ಕೆಳಗೆ ಬಿದ್ದ ಸಿಪಾಯಿ ನರಳುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದನ್ನು ಇಂಗ್ಲೆಂಡಿಗೆ ಒಯ್ದರು. ಈಗ ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಆದರೆ ಅದು ಬರೀ ಸದ್ದು. ಮನುಷ್ಯನ ನಿಜವಾದ ದನಿಯನ್ನು ಹಿಡಿದಿಡುವ ಯಂತ್ರ 1877ರಲ್ಲಿ ಎಡಿಸನ್‌ನಿಂದ ಬಂತು, ಹತ್ತು ವರ್ಷದ ಮೇಲೆ ಬರ್ಲಿನರ್ ಅದನ್ನು ಚಪ್ಪಟೆ ತಟ್ಟೆಗೆ ತಂದ. ನಮ್ಮ ಶಿಶುನಾಳ ಶರೀಫ ಸಾಹೇಬರು 1889ರಲ್ಲಿ ವಫಾತ್ ಆದರು. ಅವರ ಪದಗಳು ಬಾಯಿಂದ ಬಾಯಿಗೆ ಉಳಿದವು, ಅವರ ಸ್ವಂತ ದನಿ ಉಳಿಯಲಿಲ್ಲ. ಸ್ವಲ್ಪದರಲ್ಲಿ ತಪ್ಪಿತು.

ಚಾಚಾ ಅವರ ಪೆಟ್ಟಿಗೆಯಲ್ಲಿ 38 ಪ್ಲೇಟುಗಳು ಹಳೆಯ ಅರಗಿನವು, ಉಳಿದವು ವಿನೈಲ್. ಅರಗು ಎಂದರೆ ನಮ್ಮ ಕಾಡಿನ ಮರಗಳ ಮೇಲೆ ಅರಗಿನ ಹುಳು ಮಾಡುವ ಅಂಟು. ಜಗತ್ತಿನ ಹಳೆಯ ಪ್ಲೇಟುಗಳಿಗೆ ಬಹುಪಾಲು ಅರಗು ಹೋದದ್ದು ಹಿಂದೂಸ್ತಾನದಿಂದಲೇ. ಅವು ನಿಮಿಷಕ್ಕೆ 78 ಸುತ್ತು ತಿರುಗುತ್ತವೆ. ಹತ್ತಿಂಚಿನ ಒಂದು ಬದಿಗೆ ಸುಮಾರು ಮೂರು ನಿಮಿಷ, ಅಷ್ಟೇ. ಕೈ ಜಾರಿದರೆ ಚೂರು. ವಿನೈಲಿನ ಉದ್ದದ ಪ್ಲೇಟು 1948ರಲ್ಲಿ ಅಮೆರಿಕದಲ್ಲಿ ಬಂತು. ಅದು 33 ಚಿಲ್ಲರೆ ಸುತ್ತಿನದು, ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮೇಲೆ ಕೇಳಬಹುದು, ಬೇಗ ಒಡೆಯುವುದೂ ಇಲ್ಲ.

ಎಲ್ಲಕ್ಕಿಂತ ಹಳೆಯ ಪ್ಲೇಟು ಗೌಹರ್ ಜಾನ್ ಅವರದು. ಆಜಮ್‌ಗಢದಲ್ಲಿ 1873ರಲ್ಲಿ ಆರ್ಮೇನಿಯನ್ ಕ್ರೈಸ್ತ ಮನೆತನದಲ್ಲಿ ಹುಟ್ಟಿ, ತಾಯಿಯ ಜೊತೆ ಇಸ್ಲಾಮ್ ಸ್ವೀಕರಿಸಿದವರು. 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಈ ದೇಶದಲ್ಲಿ ಮೊದಲು ಮುದ್ರಿಸಿಕೊಂಡ ದನಿಗಳಲ್ಲಿ ಅವರದೂ ಒಂದು. ಹಾಡು ಮುಗಿಯುತ್ತಲೇ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ಅದು ಜಂಬವಲ್ಲ. ಆಗ ಪ್ಲೇಟುಗಳನ್ನು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಿತ್ತು.

ಅಷ್ಟು ಹೆಸರು, ಅಷ್ಟು ಹಣ ಕಂಡ ಆ ಹೆಣ್ಣುಮಗಳ ಕೊನೆಯ ದಿನಗಳು ನಮ್ಮ ಮೈಸೂರಿನಲ್ಲಿ ಕಳೆದವು ಎಂಬುದು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ. ಕೋರ್ಟು ಕಚೇರಿಯಲ್ಲಿ ಎಲ್ಲ ಕಳೆದುಕೊಂಡ ಮೇಲೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ವಿದುಷಿಯಾಗಿ ಕರೆಸಿಕೊಂಡರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಒಂದೂವರೆ ವರ್ಷವೂ ಆಗಲಿಲ್ಲ, 1930ರ ಜನವರಿ 17ರಂದು ಮೈಸೂರಿನ ಆಸ್ಪತ್ರೆಯಲ್ಲಿ ಅವರು ಕಣ್ಣು ಮುಚ್ಚಿದರು.

ಪ್ಲೇಟುಗಳ ಹುಚ್ಚು ಅರಮನೆಗೂ ಇತ್ತು. ಜಯಚಾಮರಾಜ ಒಡೆಯರ ಸಂಗ್ರಹವನ್ನು 1949ರಲ್ಲಿ ನೋಡಿದ ಲಂಡನ್ನಿನ ವಾಲ್ಟರ್ ಲೆಗ್ ಬೆರಗಾಗಿದ್ದರಂತೆ. ಲಂಡನ್ನಿನಲ್ಲಿ ಬಡತನದಲ್ಲಿದ್ದ ಮುದಿ ರಷ್ಯನ್ ಸಂಗೀತಗಾರ ಮೆಟ್ನರ್ ಅವರ ಕೃತಿಗಳು ಉಳಿಯಲೆಂದು ಒಡೆಯರೇ ಹಣ ಕೊಟ್ಟು ಪ್ಲೇಟು ಮಾಡಿಸಿದರು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಇನ್ನು ಸ್ವಲ್ಪ ತಡವಾಗಿದ್ದರೆ ಆ ಅವಕಾಶವೂ ಹೋಗುತ್ತಿತ್ತು.

ಎರಡನೆಯ ಭಾನುವಾರ ಉಸ್ತಾದ್ ಅಬ್ದುಲ್ ಕರೀಂ ಖಾನ್ ಸಾಹೇಬರ ಪ್ಲೇಟುಗಳು ಬಂದವು. ಕಿರಾನಾದವರು, ಮೀರಜಿನಲ್ಲಿ ನೆಲೆಸಿದವರು, ಮೈಸೂರು ಆಸ್ಥಾನಕ್ಕೆ ಮತ್ತೆಮತ್ತೆ ಬಂದವರು. ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳು. ಗದಗಿನಲ್ಲಿ ಅಂಗಡಿಯೊಂದರ ಮುಂದೆ ನಿಂತು ಇವರ ಪ್ಲೇಟು ಕೇಳಿದ ಬಾಲಕ ಭೀಮಸೇನ ಜೋಶಿ ಸಂಗೀತ ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟರು; ಕೊನೆಗೆ ಸವಾಯಿ ಗಂಧರ್ವರ ಬಳಿ ಕಲಿತರು. ಮೂರು ನಿಮಿಷದ ಒಂದು ಪ್ಲೇಟು ಒಬ್ಬ ಹುಡುಗನ ಬದುಕನ್ನೇ ತಿರುಗಿಸಿತು. ಖಾನ್ ಸಾಹೇಬರು 1937ರ ಅಕ್ಟೋಬರ್ 27ರಂದು ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಇಳಿದು, ಅಲ್ಲಿಯೇ ಪ್ರಾಣ ಬಿಟ್ಟರು.

ಆಮೇಲೆ ಅಮೀರ್‌ಬಾಯಿ ಕರ್ನಾಟಕಿ. ಬೀಳಗಿಯ ಹೆಣ್ಣುಮಗಳು. ಎಚ್.ಎಂ.ವಿ. ಅವರಿಂದ ಹಾಡಿಸಿದ ಒಂದು ಕವ್ವಾಲಿ ಮನೆಮಾತಾಗಿ, ಮುಂಬಯಿಗೆ ಹೋಗಿ, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಹೆಸರಿನ ಜೊತೆಗೆ ನಾಡಿನ ಹೆಸರನ್ನು ಕೊನೆಯವರೆಗೂ ಇಟ್ಟುಕೊಂಡರು. 1965ರಲ್ಲಿ ತೀರಿಕೊಂಡ ಅವರ ಬದುಕನ್ನು ರಹಮತ್ ತರೀಕೆರೆಯವರು ಪುಸ್ತಕವಾಗಿ ಬರೆದಿದ್ದಾರೆ. ನಮ್ಮ ಮನೆಗಳ ಹೆಣ್ಣುಮಕ್ಕಳು ಓದಬೇಕಾದದ್ದು.

ವಿನೈಲ್ ಪೆಟ್ಟಿಗೆಯಲ್ಲಿ ನಾತ್, ಕವ್ವಾಲಿ, ಸಿನಿಮಾ ಹಾಡು ಎಲ್ಲವೂ ಬೆರೆತಿದ್ದವು. ಮೊಹಮ್ಮದ್ ರಫಿ ಸಾಹೇಬರು 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಸತ್ಯಂ ಅವರ ಸಂಗೀತದಲ್ಲಿ ಹಾಡಿದ ಕನ್ನಡ ಹಾಡು, 1977ರ 'ಸನಾದಿ ಅಪ್ಪಣ್ಣ'ದಲ್ಲಿ ರಾಜ್‌ಕುಮಾರ್ ಅವರ ಪಾತ್ರಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನ್ ನುಡಿಸಿದ ಶಹನಾಯಿ. ಅದಾದ ಮರುವರ್ಷ, 1978ರಲ್ಲಿ, ನಿಸಾರ್ ಅಹಮದ್ ಅವರ ಕವಿತೆಗಳನ್ನು ಮೈಸೂರು ಅನಂತಸ್ವಾಮಿ ಹಾಡಿದ 'ನಿತ್ಯೋತ್ಸವ' ಬಂತು. ಅದು ಕ್ಯಾಸೆಟ್ಟು. ಪ್ಲೇಟುಗಳ ಕಾಲ ಮುಗಿಯುತ್ತ ಬಂದಿತ್ತು.

ಕೊನೆಯ ಭಾನುವಾರ ಪೆಟ್ಟಿಗೆಯ ತಳದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಪ್ಲೇಟು ಸಿಕ್ಕಿತು. ಈಜಿಪ್ಟಿನ ಶೇಖ್ ಮಹಮೂದ್ ಖಲೀಲ್ ಅಲ್ ಹುಸರಿಯವರ ಕಿರಾಅತ್. ಜಿದ್ದಾದಲ್ಲಿ ಕೆಲಸಕ್ಕಿದ್ದ ಒಬ್ಬ ನೆಂಟರು ತಂದುಕೊಟ್ಟದ್ದು ಎಂದು ಚಾಚಿ ಹೇಳಿದರು. ಉಳಿದವುಗಳ ಮೇಲೆ ಮುಳ್ಳಿನ ಗೀರುಗಳಿದ್ದವು, ಇದರ ಮೇಲೆ ಒಂದೂ ಇಲ್ಲ. "ರಂಜಾನಿನಲ್ಲಿ, ವುಜು ಮಾಡಿಕೊಂಡು ಮಾತ್ರ ಹಾಕೋರು" ಎಂದರು.

ಇದರ ಹಿಂದೆಯೂ ಒಂದು ಚರಿತ್ರೆ ಇದೆ. ಯಮಾಮಾ ಯುದ್ಧದಲ್ಲಿ ಅನೇಕ ಹಾಫಿಝರು ಶಹೀದರಾದಾಗ ಹಝ್ರತ್ ಅಬೂಬಕರ್ ಸಿದ್ದೀಕ್ (ರ) ಅವರು ಝೈದ್ ಬಿನ್ ಸಾಬಿತ್ (ರ) ಅವರಿಂದ ಕುರ್‌ಆನನ್ನು ಬರಹದಲ್ಲಿ ಒಂದುಗೂಡಿಸಿದ್ದು ನಮಗೆಲ್ಲ ಗೊತ್ತು. ಅದೇ ಮಾದರಿಯನ್ನು ಮುಂದಿಟ್ಟು, ಹಳೆಯ ಕಾರಿಗಳು ಹೋಗುವ ಮೊದಲು ಓದುವ ಕ್ರಮವನ್ನೂ ದನಿಯಲ್ಲಿ ಉಳಿಸಬೇಕೆಂದು 1959ರಲ್ಲಿ ಈಜಿಪ್ಟಿನ ಲಬೀಬ್ ಅಲ್ ಸಈದ್ ಸಲಹೆ ಕೊಟ್ಟರು. ಹುಸರಿಯವರ ದನಿಯಲ್ಲಿ ಇಡೀ ಕುರ್‌ಆನಿನ ಮೊದಲ ಧ್ವನಿಮುದ್ರಣ 1961ರಲ್ಲಿ ಜನರ ಕೈ ಸೇರಿತು. ಅವರಿಗಿಂತ ಹಿರಿಯರಾದ ಶೇಖ್ ಮುಹಮ್ಮದ್ ರಿಫಅತ್ ಕಣ್ಣು ಕಾಣದವರು. 1934ರ ಮೇ 31ರಂದು ಈಜಿಪ್ಟಿನ ರೇಡಿಯೋ ಆರಂಭವಾದದ್ದು ಅವರ ಕಿರಾಅತ್‌ನಿಂದ. ಅವರ ದನಿ ಇಂದಿಗೂ ಕೇಳಲು ಸಿಗುವುದು ಅಭಿಮಾನಿಗಳು ತಮ್ಮ ಮನೆಯಲ್ಲಿ ರೇಡಿಯೋದಿಂದ ಪ್ಲೇಟಿಗೆ ಇಳಿಸಿ ಇಟ್ಟುಕೊಂಡಿದ್ದರಿಂದ.

ಕಿರಿಯ ತಮ್ಮನ ಪ್ರಶ್ನೆಯೂ ಹೊಸದಲ್ಲ. ಫೋನೋಗ್ರಾಫ್ ಬಂದ ಕಾಲದಲ್ಲೇ ಉಲಮಾಗಳು ಅದನ್ನು ಎತ್ತಿಕೊಂಡಿದ್ದರು. ಬಟಾವಿಯಾದ ಮುಫ್ತಿ ಸಯ್ಯಿದ್ ಉಸ್ಮಾನ್ 1899ರಲ್ಲೇ ಬರೆದರು. ಬರೇಲಿಯ ಮೌಲಾನಾ ಅಹ್ಮದ್ ರಝಾ ಖಾನ್ ಹಿಜರಿ 1328ರಲ್ಲಿ ಇದರ ಮೇಲೆಯೇ ಒಂದು ರಿಸಾಲೆ ಬರೆದರು. ಪ್ಲೇಟಿನಿಂದ ಸಜ್ದಾದ ಆಯತ್ ಕೇಳಿದರೆ ಸಜ್ದಾ ಮಾಡಬೇಕೆ, ತಮಾಷೆಯ ಯಂತ್ರದಲ್ಲಿ ಕಲಾಮ್ ಕೇಳಬಹುದೆ ಎಂಬವು ಆಗಿನ ಚರ್ಚೆಗಳು. ನಮ್ಮ ಮಸೀದಿಯ ಹಝ್ರತ್‌ರನ್ನು ಕೇಳಿದೆವು. "ಯಂತ್ರದ ಮೇಲೆ ಹುಕುಂ ಇಲ್ಲ, ಅದರಲ್ಲಿ ಏನು ತುಂಬಿದೆ, ಅದನ್ನು ಯಾವುದಕ್ಕೆ ಬಳಸುತ್ತೀರಿ ಎಂಬುದರ ಮೇಲೆ ಇದೆ. ನಿನ್ನ ಮನಸ್ಸು ಒಪ್ಪದಿದ್ದರೆ ಕೇಳಬೇಡ ಬೇಟಾ. ಆದರೆ ಒಡೆಯುವ ಮುಂಚೆ ಅದು ನಿಮ್ಮದೇ ಹೌದಾ ನೋಡಿಕೊಳ್ಳಿ" ಎಂದರು.

ಅವರು ಆ ಮಾತನ್ನು ಸಾಮಾನ್ಯವಾಗಿ ಹೇಳಿದ್ದು. ಆದರೆ ಹುಸರಿಯವರ ಪ್ಲೇಟಿನ ಕವರಿನೊಳಗೆ ಚಾಚಾ ಅವರ ಉರ್ದು ಕೈಬರಹದ ಒಂದು ಚೀಟಿ ಇತ್ತು. ಒಂಬತ್ತು ಪ್ಲೇಟುಗಳ ನಂಬರು, ಪಕ್ಕದಲ್ಲಿ ಒಂಬತ್ತು ಹೆಸರು, ಊರು. ಪ್ಲೇಯರ್ ರಿಪೇರಿಗೆ ತಂದವರು ಪರೀಕ್ಷೆಗೆಂದು ಬಿಟ್ಟುಹೋಗಿ ಮತ್ತೆ ಬಾರದವು. ಮೇಲೆ ಒಂದೇ ಪದ: ಅಮಾನತ್.

ಅಮಾನತ್ತನ್ನು ಹಕ್ಕುದಾರರಿಗೆ ತಲುಪಿಸಬೇಕೆಂಬ ಆಜ್ಞೆ ಸೂರಾ ಅನ್ನಿಸಾದಲ್ಲಿದೆ. ಹಿಜ್ರತ್‌ನ ರಾತ್ರಿ ಪ್ರವಾದಿ (ಸ) ಅವರು, ತಮ್ಮ ಜೀವಕ್ಕೇ ಹೊಂಚು ಹಾಕಿದ ಮಕ್ಕಾದವರ ಒಡವೆ ವಸ್ತುಗಳನ್ನು ಹಿಂದಿರುಗಿಸಲೆಂದು ಹಝ್ರತ್ ಅಲಿ (ರ) ಅವರನ್ನು ಬಿಟ್ಟುಹೋದದ್ದನ್ನು ನಾವು ಖುತ್ಬಾದಲ್ಲಿ ಎಷ್ಟು ಸಲ ಕೇಳಿಲ್ಲ! ಪ್ಲೇಟು ಒಡೆಯಬೇಕೆಂದಿದ್ದ ಕಿರಿಯ ತಮ್ಮನೇ ಆ ಚೀಟಿ ಹಿಡಿದು ಬೈಕ್ ಹತ್ತಿದ. ನಾಗಮಂಗಲ, ಪಾಂಡವಪುರ, ಕಿಕ್ಕೇರಿ ಅಲೆದ. ಐದು ಮನೆ ಸಿಕ್ಕವು. ಕಿಕ್ಕೇರಿಯ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಪ್ಲೇಟಿನ ಮೂಲೆಯ ಸೀಳು ನೋಡಿಯೇ, "ಇದು ನಮ್ಮಪ್ಪನದು ಕಣಪ್ಪ, ಬೀಳಿಸಿದವಳು ನಾನೇ" ಎಂದರಂತೆ. ಊಟ ಮಾಡಿಸದೆ ಕಳಿಸಲಿಲ್ಲವಂತೆ. ನಾಲ್ಕು ಮನೆ ಇನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದಾನೆ.

ಉಳಿದ ಪ್ಲೇಟುಗಳನ್ನು ಮಾರಿಲ್ಲ, ಒಡೆದೂ ಇಲ್ಲ. ತಮ್ಮ ಈಗಲೂ ಹಾಡು ಕೇಳುವುದಿಲ್ಲ. ಅಣ್ಣ ಒತ್ತಾಯಿಸುವುದೂ ಇಲ್ಲ. ಯಾವ ಪ್ಲೇಟು, ಯಾರ ದನಿ ಎಂಬ ಪಟ್ಟಿ ಬರೆದು ಪೆಟ್ಟಿಗೆಗೆ ಅಂಟಿಸಿದ್ದೇವೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥವು ಇರಬಹುದು. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಬಿಸಿಲು ತಾಗಿಸಬೇಡಿ. ಅರಗಿನ ಪ್ಲೇಟನ್ನು ಸ್ಪಿರಿಟ್‌ನಿಂದ ಒರೆಸಬೇಡಿ, ಅರಗು ಕರಗಿಹೋಗುತ್ತದೆ. ವಿನೈಲಿನ ಸಣ್ಣ ಮುಳ್ಳನ್ನು ಅದರ ಮೇಲೆ ಓಡಿಸಬೇಡಿ, ಅದಕ್ಕೆ ಅಗಲದ ಮುಳ್ಳು ಬೇರೆಯೇ ಇದೆ. ಎಲ್ಲಕ್ಕೂ ಮೊದಲು, ಅವು ಎಲ್ಲಿಂದ ಬಂದವೆಂದು ಹಿರಿಯರನ್ನು ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಚಾಚಾ ಅವರನ್ನು ನಾವು ಕೇಳಲಿಲ್ಲ. ಅವರೇ ಒಂದು ಚೀಟಿ ಬರೆದಿಟ್ಟಿದ್ದರಿಂದ ಉಳಿದುಕೊಂಡೆವು.

ನಮ್ಮ ಕೈಯಲ್ಲಿರುವ ಅಮಾನತ್‌ಗಳನ್ನು ನಾವು ಹೋಗುವ ಮೊದಲು ತಲುಪಿಸುವ ತೌಫೀಕನ್ನು ಅಲ್ಲಾಹು ನಮಗೆಲ್ಲ ನೀಡಲಿ. ಆಮೀನ್.