ಬಾನುಲಿ ಪೆಟ್ಟಿಗೆಯ ಜೀರ್ಣೋದ್ಧಾರ

ಹಳೆಯ ಗುಡಿಯ ಜೀರ್ಣೋದ್ಧಾರಕ್ಕೆ ಹೊರಟವರು ಭಕ್ತಿಯ ಭರದಲ್ಲಿ ಶಾಸನದ ಮೇಲೆಯೇ ಸುಣ್ಣ ಬಳಿದುಬಿಡುವುದುಂಟು. ಕನ್ನಡ ಪಾಠ ಹೇಳುವ ನನ್ನಂಥವನು ಅದನ್ನು ಕಂಡು ಹಲುಬುವುದೂ ಉಂಟು. ಅಂಥದೇ ಅಪರಾಧವನ್ನು ನಾನೇ ಒಂದು ರೇಡಿಯೋ ಪೆಟ್ಟಿಗೆಯ ಮೇಲೆ ಎಸಗುವುದರಲ್ಲಿದ್ದೆನೆಂದರೆ ವಾಚಕರು ನಗಬಹುದು. ನಗಲಿ, ಕಥೆಯನ್ನು ಮಾತ್ರ ಪೂರ್ತಿ ಕೇಳಬೇಕು.

ಹಳೆಯ ವಾಲ್ವ್ ರೇಡಿಯೋಗಳನ್ನು ಸರಿಪಡಿಸಿ ಮತ್ತೆ ಮಾತನಾಡಿಸುವುದು ನನ್ನ ಬಿಡುವಿನ ವೇಳೆಯ ಹವ್ಯಾಸ. ಯಲ್ಲಾಪುರದ ಸುತ್ತಲಿನ ಅಡಿಕೆ ತೋಟದ ಮನೆಗಳ ಅಟ್ಟದಲ್ಲಿ ಇಂಥ ಪೆಟ್ಟಿಗೆಗಳು ಅಪರೂಪಕ್ಕೆ ಈಗಲೂ ದೊರೆಯುತ್ತವೆ. ಕೆಲವು ವರ್ಷಗಳ ಹಿಂದೆ ಬಂಧುಗಳೊಬ್ಬರ ಅಟ್ಟದಿಂದ ಇಳಿದು ಬಂದದ್ದು ವಿಲಾಯಿತಿಯಲ್ಲಿ ತಯಾರಾದ 'ಡ್ರೈ ಬ್ಯಾಟರಿ' ಸೆಟ್ಟು. ಹಳ್ಳಿಗೆ ವಿದ್ಯುತ್ತು ಬಾರದ ಕಾಲದ ಯಂತ್ರವದು. ಅದರ ವಾಲ್ವುಗಳ ತಂತುಗಳಿಗೆ ಸುಮಾರು ಒಂದೂವರೆ ವೋಲ್ಟು ಸಾಕು. ಆದರೆ ಒಳಗಿನ ಕೆಲಸ ನಡೆಯಲು 90 ವೋಲ್ಟಿನ ಇನ್ನೊಂದು ಬ್ಯಾಟರಿ ಬೇಕು. ಅದು ದುಬಾರಿಯ ವಸ್ತು. ಆದ್ದರಿಂದ ಯಜಮಾನರು ಎಣ್ಣೆ ಅಳೆದು ದೀಪ ಹಚ್ಚಿದಂತೆ ವಾರ್ತೆಗಿಷ್ಟು, ಸಂಗೀತಕ್ಕಿಷ್ಟು ಎಂದು ಹೊತ್ತು ಅಳೆದು ಕೇಳುತ್ತಿದ್ದರಂತೆ. ಸಾಲದ್ದಕ್ಕೆ ಅಂಚೆ ಕಚೇರಿಯಲ್ಲಿ ವರ್ಷ ವರ್ಷವೂ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿತ್ತು. ಆ ಪರವಾನಗಿ ಪದ್ಧತಿ ಕೊನೆಗೊಂಡದ್ದು 1980ರ ದಶಕದಲ್ಲಿ.

ಇಷ್ಟು ಕಷ್ಟಪಟ್ಟು ಕೇಳುತ್ತಿದ್ದುದಾದರೂ ಏನನ್ನು? ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಅಲ್ಲಿಯೇ. ಆದರೆ ಅದು ಸಂಸ್ಥಾನದ ಮಾತು. ನಮ್ಮದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾನಡಾ ಜಿಲ್ಲೆ. ನಮ್ಮ ಸೀಮೆಗೆ ಹತ್ತಿರದಲ್ಲೊಂದು ಕನ್ನಡದ ದನಿ ಹುಟ್ಟಿದ್ದು 1950ರ ಜನವರಿ 8ರಂದು, ಧಾರವಾಡ ಕೇಂದ್ರ ಆರಂಭವಾದಾಗ. ಏಕೀಕರಣವಾಗಿ ಯಲ್ಲಾಪುರ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಎಂದರೆ, ನಕಾಶೆಯಲ್ಲಿ ಕನ್ನಡ ನಾಡು ಒಂದಾಗುವುದಕ್ಕೆ ಸುಮಾರು ಏಳು ವರ್ಷ ಮೊದಲೇ ಕಿವಿಯಲ್ಲಿ ಒಂದಾಗತೊಡಗಿತ್ತು!

ಸಿನಿಮಾ ಹಾಡು ಬೇಕೆಂದವರು ಮುಳ್ಳನ್ನು ಸಿಲೋನಿನತ್ತ ತಿರುಗಿಸುತ್ತಿದ್ದರು. 1952ರಲ್ಲಿ ಕೇಂದ್ರ ಮಂತ್ರಿಗಳಾದ ಬಿ. ವಿ. ಕೇಸ್ಕರರು ಚಿತ್ರಗೀತೆಗಳನ್ನು ಆಕಾಶವಾಣಿಯಿಂದ ದೂರವಿಟ್ಟರು. ಕೇಳುಗರು ಸಮುದ್ರದಾಚೆಯ ಕೊಲಂಬೊಗೆ ಹೋದರು. 1957ರ ಅಕ್ಟೋಬರಿನಲ್ಲಿ 'ವಿವಿಧ ಭಾರತಿ' ಹುಟ್ಟಿದ್ದು ಅವರನ್ನು ಮರಳಿ ಕರೆತರುವುದಕ್ಕಾಗಿಯೇ. ಇನ್ನು ನಮ್ಮ ಜಿಲ್ಲೆಯ ಕಾಡೇ ಒಂದು ಕಾಲಕ್ಕೆ ಮಾತನಾಡಿತ್ತೆಂಬುದನ್ನು ಬಲ್ಲವರು ಕಡಿಮೆ. ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಅವರು 1955ರ ನವೆಂಬರಿನಿಂದ ನಡೆಸಿದ ಗೋವಾ ಸ್ವಾತಂತ್ರ್ಯದ ಗುಪ್ತ ಬಾನುಲಿಯು ಮುಂದೆ ಕ್ಯಾಸಲ್‌ರಾಕಿನ ಅಡವಿಯಿಂದ ಕೊಂಕಣಿ, ಪೋರ್ತುಗೀಜ್ ಭಾಷೆಗಳಲ್ಲಿ ಬಿತ್ತರಗೊಳ್ಳುತ್ತಿತ್ತು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾಗುವವರೆಗೂ ಆ ದನಿ ನಿಲ್ಲಲಿಲ್ಲ.

ಈ ಎಲ್ಲ ದನಿಗಳೂ ಗಾಳಿಯಲ್ಲಿ ಒಟ್ಟಿಗೇ ಇರುತ್ತವೆ. ಅವುಗಳಲ್ಲಿ ಬೇಕಾದ ಒಂದನ್ನು ಆರಿಸಿಕೊಡುವುದೇ ಟ್ಯೂನರಿನ ಕೆಲಸ. ಭಾಗವತರು ಶ್ರುತಿ ಹಿಡಿದಂತೆ ಎನ್ನಿರಿ. ಗುಂಡಿ ತಿರುಗಿಸಿದಾಗ ಅರ್ಧಚಂದ್ರಾಕಾರದ ತಗಡುಗಳ ಸಾಲೊಂದು ಇನ್ನೊಂದು ಸಾಲಿನ ಸಂದಿಯಲ್ಲಿ, ತಾಗದಂತೆ, ಸರಿಯುತ್ತದೆ. ಧಾರವಾಡದ 765 ಕಿಲೋಹರ್ಟ್ಸ್ ಬೇಕಾದಾಗ ಪೆಟ್ಟಿಗೆ ತನ್ನೊಳಗೇ 1220ರ ಕಂಪನವೊಂದನ್ನು ಹುಟ್ಟಿಸುತ್ತದೆ. ಎರಡರ ಅಂತರವಾದ 455 ಮಾತ್ರ ಮುಂದೆ ಸಾಗಿ ಬಲಗೊಳ್ಳುತ್ತದೆ. 1918ರಲ್ಲಿ ಅಮೆರಿಕದ ಆರ್ಮ್‌ಸ್ಟ್ರಾಂಗ್ ರೂಪಿಸಿದ ಉಪಾಯವಿದು. ಆದರೆ ಮಲೆನಾಡಿನ ಮಳೆಗಾಲಕ್ಕೆ ಯಾವ ಉಪಾಯವೂ ದೊಡ್ಡದಲ್ಲ. ಮೇಣದ ಕಾಗದದ ಕಂಡೆನ್ಸರುಗಳು ತೇವ ಕುಡಿದು ಕೆಟ್ಟಿರುತ್ತವೆ. ಸುರುಳಿಗಳಿಗೆ ಬೂಷ್ಟು ಹಿಡಿದಿರುತ್ತದೆ. ಮುಳ್ಳನ್ನೆಳೆಯುವ ದಾರ ಇಲಿಯ ಪಾಲಾಗಿರುತ್ತದೆ.

ನಾನು ಕಂಡೆನ್ಸರುಗಳನ್ನು ಬದಲಿಸಿದೆ. ತಗಡುಗಳ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆದೆ. ಹೊಸ ದಾರ ಕಟ್ಟಿದೆ. 90 ವೋಲ್ಟಿನ ಬ್ಯಾಟರಿ ಈಗ ಅಂಗಡಿಯಲ್ಲಿ ಸಿಗದಾದ್ದರಿಂದ 9 ವೋಲ್ಟಿನ ಹತ್ತನ್ನು ಸಾಲಾಗಿ ಜೋಡಿಸಿದೆ. ಕಡೆಗೆ ಉಳಿದದ್ದು ಊರುಗಳ ಹೆಸರು ಬರೆದ ಗಾಜಿನ ಫಲಕ. ಲಂಡನ್, ಪ್ಯಾರಿಸ್, ರೋಮ್ ಎಲ್ಲವೂ ಅಲ್ಲಿದ್ದವು. ಕನ್ನಡ ನಾಡಿನ ಊರು ಒಂದೂ ಇರಲಿಲ್ಲ. ಒದ್ದೆ ಬಟ್ಟೆಯಿಂದ ಕೊಳೆ ಒರೆಸುತ್ತಿದ್ದಾಗ ಅಂಚಿನಲ್ಲಿದ್ದ ಕಾಗದದ ಚೂರೊಂದು ಅರ್ಧ ಕಿತ್ತು ಬಂದಿತು. ಎಸೆಯಲೆಂದು ಬೆರಳು ಹಾಕಿದೆ. ದೀಪಕ್ಕೆ ಹಿಡಿದು ನೋಡಿದರೆ ಮಸಿಯಲ್ಲಿ ಒಂದೇ ಅಕ್ಷರ: 'ಧಾ'.

ನನ್ನ ಕೈ ಅಲ್ಲಿಗೇ ನಿಂತಿತು. ಜಗತ್ತಿನ ನಕಾಶೆಯಲ್ಲಿ ತನ್ನ ಊರಿನ ದನಿಗೆ ಜಾಗವಿಲ್ಲವೆಂದು ಕಂಡ ಯಾರೋ ಒಬ್ಬರು, ಲಂಡನ್ ಪ್ಯಾರಿಸುಗಳ ಪಕ್ಕದಲ್ಲಿ ತಾವೇ ಧಾರವಾಡವನ್ನು ಕೂಡಿಸಿದ್ದರು. ಏಕೀಕರಣದ ಬಗೆಗೆ ನಾನು ತರಗತಿಯಲ್ಲಿ ಎಷ್ಟೋ ಪಾಠ ಹೇಳಿದ್ದೇನೆ. ಇಷ್ಟು ಚಿಕ್ಕ, ಇಷ್ಟು ನಿಜವಾದ ಶಾಸನವನ್ನು ಓದಿರಲಿಲ್ಲ. ಹೊಳಪಿನ ಆಸೆಗೆ ಅದನ್ನು ಇನ್ನೊಂದು ಕ್ಷಣದಲ್ಲಿ ಒರೆಸಿಹಾಕುತ್ತಿದ್ದೆ.

ಹಳೆಯ ರೇಡಿಯೋವನ್ನು ಉಳಿಸುವುದೆಂದರೆ ಹೊಸದರಂತೆ ಮಾಡುವುದಲ್ಲ. ಕೆಟ್ಟ ಭಾಗವನ್ನು ಬದಲಿಸಲೇಬೇಕು, ಇಲ್ಲವಾದರೆ ಅದು ಬರಿಯ ಮರದ ಪೆಟ್ಟಿಗೆ. ಆದರೆ ಕೇಳಿದವರ ಗುರುತನ್ನು ಅಳಿಸಿದರೂ ಅದು ಬರಿಯ ಮರದ ಪೆಟ್ಟಿಗೆಯೇ. ಇದು ಈಗ ಇನ್ನಷ್ಟು ಸತ್ಯ, ಏಕೆಂದರೆ ಹಿಡಿಯತಕ್ಕ ದನಿಗಳೇ ಕಡಿಮೆಯಾಗುತ್ತಿವೆ. ಜರ್ಮನಿಯ ರಾಷ್ಟ್ರೀಯ ಬಾನುಲಿ 2015ರ ಕೊನೆಯ ದಿನ ಮಧ್ಯತರಂಗವನ್ನು ಕೈಬಿಟ್ಟಿತು, ಬಿ.ಬಿ.ಸಿ.ಯ ಹಿಂದಿ ಹ್ರಸ್ವತರಂಗ 2020ರ ಜನವರಿಯಲ್ಲಿ ಮೌನವಾಯಿತು. ಎಲ್ಲವೂ ಮೌನವಾದ ದಿನ ಈ ಪೆಟ್ಟಿಗೆಯಲ್ಲಿ ಉಳಿಯುವುದು ಆ ಒಂದು ಅಕ್ಷರ.

ಕಾಗದವನ್ನು ಗೋಂದು ಹಚ್ಚಿ ಇದ್ದಲ್ಲಿಯೇ ಕೂರಿಸಿದೆ. ಆ ಸಂಜೆ ಬ್ಯಾಟರಿ ಜೋಡಿಸಿ ಗುಂಡಿ ತಿರುಗಿಸಿದಾಗ ಗೊರಗೊರ ಸದ್ದಿನ ನಡುವಿನಿಂದ ಧಾರವಾಡ ಮೆಲ್ಲನೆ ಎದ್ದು ಬಂದಿತು. ಮುಳ್ಳು ಮಾತ್ರ ಗುರುತಿನಿಂದ ಒಂದು ಕೂದಲೆಳೆಯಷ್ಟು ಆಚೆ ನಿಂತಿತ್ತು. ದಾರ ಕಟ್ಟಿದವನು ನಾನಲ್ಲವೆ? ಮುಳ್ಳನ್ನು ಬಿಚ್ಚಿ ಸರಿಸಿದೆ. ಕಾಗದವನ್ನು ಮುಟ್ಟಲಿಲ್ಲ.